ಊರಿನ ಕಣ್ಣು

ಇಸ್ಪೀಟಿನ ಒಂಬತ್ತನ್ನು ಹತ್ತೆಂದು ಎತ್ತಿಕೊಂಡದ್ದೊಂದೇ ಪೆನಿಯಾಮಿನಾ ಮಾಡಿದ ತಪ್ಪು.

ಬೆಳಗಿನ ಕೋಕೋ ಕುಡಿದು ಗಂಡಸರೆಲ್ಲ ಜೀಗುಜ್ಜೆ ಮರದ ಕೆಳಗೆ ಚಾಪೆ ಹಾಸಿ ಸುಯಿಪಿ ಆಡಲು ಕೂತಿದ್ದರು. ಕೈಯಲ್ಲಿರುವ ಎಲೆಗೆ ಸಮನಾದ ಎಲೆ ಚಾಪೆಯ ಮೇಲಿದ್ದರೆ ಅದನ್ನು ಬಾಚಿಕೊಳ್ಳುವ ಆಟ. ಪೆನಿಯಾಮಿನಾ ಗತ್ತಿನಿಂದ ತನ್ನ ಹತ್ತನ್ನು ಒಗೆದು ಎದುರಿನ ಎಲೆಗೆ ಕೈ ಹಾಕಿದ. ಪಕ್ಕದ ಮನೆಯ ತೋಮಾಸಿ ಅವನ ಮಣಿಕಟ್ಟು ಹಿಡಿದುಕೊಂಡ.

"ಒಂಬತ್ತು ಅದು."

"ಹತ್ತು."

"ಚುಕ್ಕಿ ಎಣಿಸು ಮಾರಾಯ."

ಪೆನಿಯಾಮಿನಾ ಎಲೆಯನ್ನು ಮುಖದ ಹತ್ತಿರ ತಂದ. ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡವು. ಸ್ವಲ್ಪ ದೂರ ಹಿಡಿದ. ಇನ್ನೂ ದೂರ ಹಿಡಿದ. ಕೈ ಪೂರ್ತಿ ಚಾಚಿ, ತಲೆಯನ್ನೂ ಹಿಂದಕ್ಕೆ ಎಳೆದುಕೊಂಡ.

"ಕೊಡು ಇಲ್ಲಿ. ನಾನು ರಸ್ತೆ ಆಚೆ ಹೋಗಿ ಹಿಡ್ಕೊಂಡು ನಿಲ್ತೀನಿ. ಅಲ್ಲಿಂದ ಕಾಣಬಹುದು ನಿನಗೆ" ಎಂದ ತೋಮಾಸಿ.

ಚಾಪೆಯ ಸುತ್ತ ಇದ್ದವರೆಲ್ಲ ನಕ್ಕರು. ತೋಮಾಸಿ ಮಾತ್ರ ನಗಲಿಲ್ಲ. ತೊಡೆ ಕೊಡವಿಕೊಂಡು ಎದ್ದು, ಊರಿಗೆಲ್ಲ ಕೇಳಿಸುವಂತೆ ಅಂದ: "ಗುಡ್ಡದ ಮೇಲೆ ನಿಲ್ಲೋನಿಗೆ ಅಂಗೈ ಮೇಲಿನ ಎಲೆ ಕಾಣಲ್ಲ ಅಂದ್ರೆ, ಸಮುದ್ರದಲ್ಲಿರೋ ಮೀನು ಹೇಗೆ ಕಾಣುತ್ತೆ? ನಾನೇನೂ ಹೇಳ್ತಿಲ್ಲಪ್ಪ. ಯೋಚನೆ ಮಾಡಿ ಅಂತಿದ್ದೀನಿ ಅಷ್ಟೇ."

ಪೆನಿಯಾಮಿನಾ ಎಲೆಗಳನ್ನು ಮಗುಚಿ ಹಾಕಿ ಎದ್ದುಬಿಟ್ಟ. ಅದಕ್ಕೆ ಕಾರಣವಿದೆ.

ಸವಾಯಿ ದ್ವೀಪದಲ್ಲಿ ನಮ್ಮ ವಾಯಿಫೆತುವಿನಂಥ ಕೊಲ್ಲಿ ಇನ್ನೊಂದಿಲ್ಲ. ವರ್ಷಕ್ಕೆ ಮೂರೋ ನಾಲ್ಕೋ ಸಲ ಅತೂಲೆ ಮೀನಿನ ಹಿಂಡು ತಾನಾಗಿ ಒಳಗೆ ಬರುತ್ತದೆ. ನೀರಿಗಿಳಿದವರಿಗೆ ಹಿಂಡು ಕಾಣುವುದಿಲ್ಲ, ಮೇಲಿನಿಂದ ನೋಡಬೇಕು. ಅದಕ್ಕೆಂದೇ ಗುಡ್ಡದ ತುದಿಯ ಬಂಡೆಯ ಮೇಲೆ ಒಬ್ಬ ಕೆಂಪು ಬಟ್ಟೆ ಹಿಡಿದು ನಿಲ್ಲುತ್ತಾನೆ. ಹಿಂಡು ಕಲ್ಲಿನ ಕಡೆಗಿದ್ದರೆ ಬಲಕ್ಕೆ ಬೀಸುತ್ತಾನೆ, ಮರಳಿನ ಕಡೆಗಿದ್ದರೆ ಎಡಕ್ಕೆ. ಕೆಳಗೆ ಸೊಂಟದ ಮಟ್ಟ ನೀರಿನಲ್ಲಿ ಬಲೆಯ ಯಜಮಾನ, ಅಂದರೆ ನಮ್ಮ ತೌತಾಯಿ, ಇಸಾಯಾ ನಿಂತಿರುತ್ತಾರೆ. ಗುಡ್ಡವನ್ನು ನೋಡುವ ಹಕ್ಕು ಅವರೊಬ್ಬರಿಗೇ. ಬಲೆ ಹಿಡಿದ ನಲವತ್ತು ಜನ ತೌತಾಯಿಯ ಕೈಯನ್ನು ಮಾತ್ರ ನೋಡಬೇಕು. ಬೇರೆ ಯಾರಾದರೂ ಕತ್ತೆತ್ತಿ ಗುಡ್ಡ ನೋಡಿದರೆ ಮೀನು ಮುನಿಸಿಕೊಂಡು ತಿರುಗಿ ಹೋಗುತ್ತದೆ. ದಡದಲ್ಲಿ ಕೂತ ಹೆಂಗಸರು ಮಕ್ಕಳು ಕೂಡ ಆ ಹೊತ್ತಿಗೆ ತಲೆ ತಗ್ಗಿಸಿಕೊಂಡೇ ಇರುತ್ತಾರೆ.

ಹನ್ನೆರಡು ವರ್ಷದಿಂದ ಆ ಬಂಡೆ ಪೆನಿಯಾಮಿನಾನದು. ಅದಕ್ಕೂ ಮುಂಚೆ ಅವನಪ್ಪನದು. ಬಲೆಯಿಂದ ಬಿಚ್ಚಿದ ಮೊದಲ ಬುಟ್ಟಿ ಅವನ ಮನೆಗೇ ಹೋಗಬೇಕು. ಅವನಿಗೆ ನಲವತ್ತೆರಡು, ಮನೆ ಸಣ್ಣದು, ಹಂದಿ ಎರಡೇ. ಆದರೂ ಊರಿನ ಕಣ್ಣು ತಾನು ಎಂಬ ಹೆಮ್ಮೆಯಲ್ಲಿ ಅವನು ರಸ್ತೆಯಲ್ಲಿ ಎದುರಿಗೆ ಬಂದವರ ತಲೆಯ ಮೇಲಿನಿಂದ ನೋಡುತ್ತಾ ನಡೆಯುತ್ತಿದ್ದ. ಹತ್ತಿರದ್ದು ಅಷ್ಟಾಗಿ ಕಾಣುತ್ತಿರಲಿಲ್ಲ ಎಂಬುದೂ ಅದಕ್ಕೊಂದು ಕಾರಣ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ಬಂಡೆಯ ಮೇಲೆ ತೋಮಾಸಿಗೆ ಎಷ್ಟು ವರ್ಷದಿಂದ ಆಸೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ಗ್ರಹಚಾರಕ್ಕೆ ಅವತ್ತೇ ರಾಜಧಾನಿ ಆಪಿಯಾದಿಂದ ಕಣ್ಣಿನ ಡಾಕ್ಟರಮ್ಮ ಬರುವುದಿತ್ತು. ನಲವತ್ತು ದಾಟಿದವರೆಲ್ಲ ಬಂದು ಕಣ್ಣು ತೋರಿಸಬೇಕು ಎಂದು ಮಹಿಳಾ ಸಮಿತಿಯ ಅಧ್ಯಕ್ಷೆ ರೇಪೆಕಾ ಭಾನುವಾರವೇ ಸಾರಿದ್ದಳು. ರೇಪೆಕಾ ಸಾರಿದ ಮೇಲೆ ಮುಗಿಯಿತು. ಪಾದ್ರಿಗಳೇ ಹಿಂದಿನ ಸಲ ಹಲ್ಲು ತೋರಿಸಲು ಒಲ್ಲೆನೆಂದು ಕೊನೆಗೆ ಬಾಯಿ ತೆರೆದಿದ್ದರು. ತೋಮಾಸಿ ಒಬ್ಬ ಪಾರು. ಅವನಿಗೆ ಮೂವತ್ತೊಂಬತ್ತು. ನಾಲ್ಕು ವರ್ಷದಿಂದಲೂ ಮೂವತ್ತೊಂಬತ್ತೇ.

ಪೆನಿಯಾಮಿನಾ ಮೆಲ್ಲಗೆ ಮನೆಯ ಹಿಂದಿನಿಂದ ಜಾರಿ ಕೆಸುವಿನ ತೋಟ ಸೇರಿಕೊಂಡ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳತೊಡಗಿದ. ಡಾಕ್ಟರಮ್ಮ ಹೊರಡುವ ತನಕ ಕಿತ್ತರಾಯಿತು ಎಂದುಕೊಂಡು ಅರ್ಧ ಸಾಲು ಮುಗಿಸುವಷ್ಟರಲ್ಲಿ ಬೆನ್ನ ಮೇಲೆ ನೆರಳು ಬಿತ್ತು. ಸಮಿತಿಯ ನೀಲಿ ಸಮವಸ್ತ್ರದಲ್ಲಿ ರೇಪೆಕಾ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಏನು ಮಾಡ್ತಿದ್ದೀಯ ಪೆನಿಯಾಮಿನಾ?"

"ಕಳೆ ಕೀಳ್ತಿದ್ದೀನಿ ಅಕ್ಕ. ಕೆಲಸ ತುಂಬ ಇದೆ."

"ಕಳೆ ಎಲ್ಲ ಹಾಗೇ ಇದೆಯಲ್ಲೋ. ನೀನು ಕಿತ್ತು ರಾಶಿ ಹಾಕಿರೋದು ಕೆಸುವಿನ ಸಸಿ."

ಪೆನಿಯಾಮಿನಾ ಕೈಯಲ್ಲಿದ್ದುದನ್ನು ದೂರ ಹಿಡಿದು ನೋಡಿದ. ಹೌದು, ಸಸಿಯೇ.

"ನನ್ನ ಕಣ್ಣು ಚೆನ್ನಾಗಿದೆ ಅಕ್ಕ. ಸುಮ್ಮನೆ ಡಾಕ್ಟರಮ್ಮನ ಹೊತ್ತು ಹಾಳು."

"ಚೆನ್ನಾಗಿರೋದನ್ನ ತೋರಿಸೋಕೆ ಏನಪ್ಪ ಕಷ್ಟ? ನಡಿ."

ಸಮಿತಿಯ ಮನೆಗೆ ನಮ್ಮ ಎಲ್ಲ ಸಭೆಮನೆಗಳ ಹಾಗೆ ಗೋಡೆಯಿಲ್ಲ, ಕಂಬ ಮಾತ್ರ. ಒಳಗೆ ನಡೆಯುವುದೆಲ್ಲ ಊರಿನದೇ. ಪೆನಿಯಾಮಿನಾ ಹೋಗುವ ಹೊತ್ತಿಗೆ ಸುತ್ತಲೂ ಜನ ಬೀಸಣಿಗೆ ಆಡಿಸುತ್ತಾ ಕೂತಿದ್ದರು. ಪರೀಕ್ಷೆ ಇಲ್ಲದ ತೋಮಾಸಿಯೂ ಒಳ್ಳೆಯ ಜಾಗ ಹಿಡಿದಿದ್ದ. ಮುಂದಿನ ಸಾಲಿನಲ್ಲಿ ಎಪ್ಪತ್ತರ ತೌತಾಯಿ ಇಸಾಯಾ ಪ್ರಾರ್ಥನೆಯ ಪುಸ್ತಕ ಬಿಡಿಸಿ, ಇರುವೆಯಂಥ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಈ ವಯಸ್ಸಿನಲ್ಲೂ ಎಂಥ ಕಣ್ಣು ನೋಡಿ ಎಂದು ನಾವು ಪರವೂರಿನವರಿಗೆ ಹೇಳಿಕೊಳ್ಳುತ್ತಿದ್ದುದು ಅವರನ್ನು ತೋರಿಸಿಯೇ.

ಡಾಕ್ಟರಮ್ಮನ ಹೆಸರು ಲೂಸಿಯಾ. ಚಿಕ್ಕ ವಯಸ್ಸು, ನಿಧಾನದ ಮಾತು. ಆರು ಮೀಟರ್ ಆಚೆ ಕಂಬಕ್ಕೆ ಅಕ್ಷರಗಳ ಹಲಗೆ ಕಟ್ಟಿದ್ದರು. ಒಂದು ಕಣ್ಣು ಮುಚ್ಚಿಸಿ, ಕಂಡಷ್ಟು ಓದಿ ಎಂದರು.

ಪೆನಿಯಾಮಿನಾ ಹಲಗೆ ನೋಡಿದ. ಹೋದ ಉಸಿರು ವಾಪಸು ಬಂತು. ದೂರದ್ದು ಓದುವುದೇ? ಮೇಲಿನ ದೊಡ್ಡಕ್ಷರದಿಂದ ಹಿಡಿದು ಕೊನೆಯ ಸಾಲಿನ ತನಕ ಎಲ್ಲೂ ನಿಲ್ಲದೆ ಓದಿ ಮುಗಿಸಿದ. ಇನ್ನೊಂದು ಕಣ್ಣಿನಲ್ಲಿ ಕೆಳಗಿನಿಂದ ಮೇಲಕ್ಕೆ ಓದಿದ.

"ಕೊನೇ ಸಾಲಿನ ಕೆಳಗೆ ಅಚ್ಚು ಹಾಕಿದವರ ಹೆಸರೂ ಇದೆ ಡಾಕ್ಟರಮ್ಮ. ಅದನ್ನೂ ಓದ್ಲಾ?"

"ಬೇಡ, ಸಾಕು."

"ಹಲಗೆ ಆಚೆ ಹವಳದ ದಿಬ್ಬದ ಹತ್ತಿರ ಒಂದು ದೋಣಿ ಇದೆ. ಅದರಲ್ಲಿರೋನು ಬಾಳೆಹಣ್ಣು ತಿಂತಿದ್ದಾನೆ. ಸಿಪ್ಪೆ ಈಗ ನೀರಿಗೆ ಹಾಕಿದ."

ಸಭೆಮನೆ ಚಪ್ಪಾಳೆ ಹೊಡೆಯಿತು. ಮುದುಕಿಯರು ಹೋ ಎಂದರು. ತೋಮಾಸಿ ಬೀಸಣಿಗೆ ನಿಲ್ಲಿಸಿ ತನ್ನ ಕಾಲ್ಬೆರಳು ನೋಡಿಕೊಂಡ. ನಮಗೆಲ್ಲ ಆಗ ನಿಜವಾಗಿಯೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಬೇಕು.

ಡಾಕ್ಟರಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವನ ಮೂಗಿನ ಮೇಲೆ ಖಾಲಿ ಚೌಕಟ್ಟು ಕೂರಿಸಿ, ಅದರೊಳಗೆ ಮಧ್ಯ ಉಬ್ಬಿದ ಒಂದು ಗಾಜು ಇಳಿಬಿಟ್ಟರು.

"ಈಗ ಓದಿ."

ಓದಿದ.

"ಇದಕ್ಕಿಂತ ದಪ್ಪ ಗಾಜು. ಈಗ?"

ಅದಕ್ಕೂ ಓದಿದ. ಮತ್ತೆ ಚಪ್ಪಾಳೆ.

"ಸಾಮಾನ್ಯ ಕಣ್ಣಿಗೆ ಈ ಗಾಜು ಹಾಕಿದ್ರೆ ದೂರದ್ದು ಮಸುಕಾಗಿಬಿಡ್ಬೇಕು" ಎಂದರು ಡಾಕ್ಟರಮ್ಮ. "ನಿಮಗೆ ಆಗ್ಲಿಲ್ಲ."

"ನಮ್ಮದು ಸಾಮಾನ್ಯ ಕಣ್ಣಲ್ಲ ಡಾಕ್ಟರಮ್ಮ" ಎಂದ ಪೆನಿಯಾಮಿನಾ ಎದೆಯುಬ್ಬಿಸಿ. "ನಮ್ಮಪ್ಪಂದೂ ಹೀಗೇ ಇತ್ತು."

ಅವನ ಹೆಂಡತಿ ಮಾತಾಲೇನಾಗೆ ಇನ್ನು ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಅಂದಳು: "ಒಂದು ವರ್ಷದಿಂದ ಇವನಿಗೆ ಮೀನಿನ ಮುಳ್ಳು ನಾನೇ ಬಿಡಿಸಿ ಕೊಡ್ತಿದ್ದೀನಿ ಡಾಕ್ಟರಮ್ಮ. ಊರಲ್ಲೆಲ್ಲ ಅದು ಪ್ರೀತಿ ಅಂದ್ಕೊಂಡಿದ್ದಾರೆ."

"ಪ್ರೀತಿಯೇ ಅದು" ಎಂದು ಪೆನಿಯಾಮಿನಾ ಹಲ್ಲು ಕಚ್ಚಿ ಹೇಳಿದ.

ಡಾಕ್ಟರಮ್ಮ ಒಂದು ಪುಟ್ಟ ಕಾಗದವನ್ನು ಅವನ ಕೈಗಿತ್ತರು. "ಇದನ್ನ ಓದಿ. ಕೈ ಚಾಚಬಾರದು, ಇಷ್ಟು ಹತ್ತಿರವೇ ಹಿಡ್ಕೊಳ್ಳಿ."

ಕಾಗದದ ಮೇಲೆ ಬೂದು ಬಣ್ಣದ ಸಾಲುಗಳಿದ್ದವು. ಅಕ್ಷರ ಒಂದೂ ಇರಲಿಲ್ಲ, ಅಂದರೆ ಅವನಿಗೆ ಇರಲಿಲ್ಲ. ಪೆನಿಯಾಮಿನಾ ಯೋಚಿಸಿದ. ಹುಟ್ಟಿದಾಗಿನಿಂದ ಹತ್ತು ಜನರ ಮುಂದೆ ಓದು ಎಂದು ಅವನ ಕೈಗೆ ಯಾರಾದರೂ ಕಾಗದ ಕೊಟ್ಟಿದ್ದರೆ ಅದು ಪ್ರಾರ್ಥನೆಯೇ ಆಗಿರುತ್ತಿತ್ತು. ಗಂಟಲು ಸರಿಮಾಡಿಕೊಂಡು, ಸಂಜೆ ಮನೆಯಲ್ಲಿ ಹೇಳುವ ಪ್ರಾರ್ಥನೆಯನ್ನು ಕಾಗದದ ಮೇಲೆ ಕಣ್ಣಿಟ್ಟು ಶುರು ಮಾಡಿಯೇಬಿಟ್ಟ.

ಮೊದಲ ಮಾತಿಗೇ ಸಭೆಮನೆಯಲ್ಲಿ ಬೀಸಣಿಗೆಗಳೆಲ್ಲ ನಿಂತವು. ಮುದುಕಿಯರು ಅಭ್ಯಾಸಬಲದಿಂದ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ರೇಪೆಕಾ ಕೈ ಜೋಡಿಸಿದಳು. ತೋಮಾಸಿಗೂ ತಲೆ ತಗ್ಗಿಸದೆ ಗತಿಯಿರಲಿಲ್ಲ. ಪೆನಿಯಾಮಿನಾ ಮೂರು ನಿಮಿಷ ಹೇಳಿದ, ಚೆನ್ನಾಗಿಯೇ ಹೇಳಿದ. ಎಲ್ಲರೂ ಒಟ್ಟಿಗೆ ಆಮೆನ್ ಅಂದರು.

"ಇದರಲ್ಲಿ ಬರೆದಿರೋದು ಹಂದಿ ಗೂಡು ತೊಳೆಯೋದು ಹೇಗೆ ಅಂತ" ಎಂದರು ಡಾಕ್ಟರಮ್ಮ.

ನಗು ತಣ್ಣಗಾಗಲು ತುಂಬ ಹೊತ್ತು ಹಿಡಿಯಿತು. ಇಸಾಯಾ ಕೂಡ ಪುಸ್ತಕದ ಹಿಂದೆ ಮುಖ ಮರೆಸಿಕೊಂಡಿದ್ದರು. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವನು ತೋಮಾಸಿ. "ಪಾಪ, ಕಣ್ಣಿಲ್ಲದೋನನ್ನ ಬಂಡೆ ಮೇಲೆ ನಿಲ್ಲಿಸೋದು ನಮ್ಮದೂ ತಪ್ಪೇ" ಎಂದು ಪಕ್ಕದವನಿಗೆ ಹೇಳಿದ.

ಡಾಕ್ಟರಮ್ಮ ಒಂದು ಕಡೆಗೆ ಚಾಪೆ ತೂಗುಹಾಕಿಸಿ ನೆರಳು ಮಾಡಿಕೊಂಡರು. ಸಣ್ಣ ದೀಪದ ಕೋಲೊಂದನ್ನು ಹಿಡಿದು ಅವನ ಕಣ್ಣೊಳಗೆ ಬೆಳಕಿನ ಗೆರೆ ಬಿಟ್ಟರು.

"ಈಗ ನೀವು ಏನೂ ಓದೋದು ಬೇಡ, ಏನೂ ಹೇಳೋದೂ ಬೇಡ. ಕಣ್ಣೇ ಹೇಳುತ್ತೆ."

"ಏನಂತ ಹೇಳುತ್ತೆ?" ರೇಪೆಕಾ ಬಗ್ಗಿ ನೋಡಿದಳು.

"ನಾನು ಬೆಳಕನ್ನ ಯಾವ ಕಡೆ ಆಡಿಸ್ತೀನೋ ಅದೇ ಕಡೆ ಒಳಗಿನ ಹೊಳಪೂ ಓಡ್ತಿದೆ ನೋಡಿ ಅಕ್ಕ. ಒಂದೊಂದೇ ಗಾಜು ಹಾಕ್ತಾ ಹೋದ್ರೆ ಒಂದು ಕಡೆ ಅದು ಓಡೋದು ನಿಲ್ಲುತ್ತೆ. ಆ ಗಾಜಿನ ಲೆಕ್ಕದಿಂದ ಇವರ ನಂಬರ್ ಗೊತ್ತಾಗುತ್ತೆ." ಗಾಜು ಬದಲಿಸುತ್ತಾ ಅವನಿಗೂ ಹೇಳಿದರು: "ನಿಮ್ಮ ಕಣ್ಣುಗುಡ್ಡೆ ಉದ್ದದಲ್ಲಿ ಚೂರು ಗಿಡ್ಡ. ಬಿಂಬ ಕಣ್ಣೊಳಗಿನ ಪರದೆ ಮೇಲೆ ಬೀಳದೆ ಅದರ ಹಿಂದಕ್ಕೆ ಹೋಗುತ್ತೆ. ಒಳಗಿರೋ ಸ್ನಾಯು ದಿನವಿಡೀ ಎಳೆದು ಎಳೆದು ಅದನ್ನ ಸರಿ ಮಾಡ್ಕೊಳ್ತಿತ್ತು. ದೂರದ್ದಕ್ಕೆ ಇನ್ನೂ ಶಕ್ತಿ ಇದೆ, ಹತ್ತಿರದ್ದಕ್ಕೆ ಸುಸ್ತಾಗಿದೆ. ಸಂಜೆಗೆ ತಲೆನೋವು ಬರುತ್ತಾ?"

ಬರುತ್ತಿತ್ತು. ಮಾತಾಲೇನಾಳ ಮಾತಿನಿಂದ ಬರುವುದೆಂದು ಇಷ್ಟು ದಿನ ತಿಳಿದುಕೊಂಡಿದ್ದ.

"ಆ ಸ್ನಾಯುಗೆ ರಜೆ ಕೊಟ್ರೇ ಪೂರ್ತಿ ನಂಬರ್ ಸಿಗೋದು. ಹನಿ ಹಾಕ್ತೀನಿ. ಹಾಕಿದ ಮೇಲೆ..." ಎಂದು ಡಾಕ್ಟರಮ್ಮ ವಿವರಿಸತೊಡಗಿದರು. ಪೆನಿಯಾಮಿನಾನ ಕಿವಿ ತೋಮಾಸಿಯ ಕಡೆಗಿತ್ತು. ಎಲ್ಲದಕ್ಕೂ ಹೂಂ ಎಂದ. ಹನಿ ಹಾಕಿದರು, ಕಾಯಿಸಿದರು, ಮತ್ತೆ ಹಾಕಿದರು, ಮತ್ತೆ ಬೆಳಕು ಬಿಟ್ಟು ಬರೆದುಕೊಂಡರು. ಇವರಿಗೆ ಸರಿಯಾದ ಕನ್ನಡಕ ತಾನು ತಂದ ಪೆಟ್ಟಿಗೆಯಲ್ಲಿಲ್ಲ, ಮಾಡಿಸಿ ಕಳಿಸಬೇಕು ಎಂದರು.

ಆಗ ದಡದಿಂದ ಶಂಖ ಕೂಗಿತು. ಕೊಲ್ಲಿಯ ಬಾಯಲ್ಲಿ ಹಕ್ಕಿಗಳು ಸುತ್ತತೊಡಗಿದ್ದವು, ಅತೂಲೆ ಬಂದಿತ್ತು.

ಇಡೀ ಸಭೆಮನೆ ಎದ್ದಿತು. ಇಸಾಯಾ ಪುಸ್ತಕ ಮಡಚಿ ನೀರಿನ ಕಡೆ ನಡೆದೇಬಿಟ್ಟರು. ಪೆನಿಯಾಮಿನಾ ಎದ್ದು ಸಮುದ್ರ ನೋಡಿದ. ಸಮುದ್ರ ಇರಲಿಲ್ಲ. ತೆಂಗಿನ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಏನೋ ಇತ್ತು. ಅಕ್ಷರದ ಹಲಗೆ ನೋಡಿದ. ಅದಕ್ಕೆ ಬೂದಿ ಮೆತ್ತಿದ ಹಾಗಿತ್ತು.

"ಹೋಗ್ಬೇಡಿ" ಎಂದರು ಡಾಕ್ಟರಮ್ಮ ಮೆಲ್ಲಗೆ. "ಹೇಳಿದ್ನಲ್ಲ, ಈಗ ದೂರದ್ದೂ ಕಾಣಲ್ಲ ನಿಮಗೆ."

ಎರಡು ಹೆಜ್ಜೆ ಆಚೆ ತೋಮಾಸಿ ಸೊಂಟದ ಬಟ್ಟೆ ಲಾವಲಾವವನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದ. "ಬೇಕಿದ್ರೆ ನಾನು ಹತ್ತುತ್ತೀನಿ ಪೆನಿ. ಒಂದು ದಿನದ ಮಟ್ಟಿಗೆ."

ಒಂದು ದಿನ ಬಂಡೆ ಬಿಟ್ಟರೆ ತೋಮಾಸಿ ಸಾಯುವ ತನಕ ಅದರ ಮೇಲಿಂದ ಇಳಿಯುವವನಲ್ಲ. ಪೆನಿಯಾಮಿನಾ ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಕೆಂಪು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ನನ್ನ ಕಣ್ಣು ಹೇಗಿದೆ ಅಂತ ಊರೆಲ್ಲ ಈಗ ತಾನೇ ನೋಡಿದೆ" ಎಂದು ಹೊರಟ. ಹೊರಟವನು ಮೊದಲ ಕಂಬಕ್ಕೆ ಹಣೆ ಬಡಿದುಕೊಂಡ. ಅವಸರ ಎಂದು ಎಲ್ಲರೂ ಭಾವಿಸಿದರು.

ಗುಡ್ಡವನ್ನು ಅವನು ಕಾಲಿನ ನೆನಪಿನಿಂದ ಹತ್ತಿದ. ಬಂಡೆಯ ಪಕ್ಕದ ತೆಂಗಿನ ಮರವನ್ನು ತಡವಿ ಹಿಡಿದು ನಿಂತು ಕೆಳಗೆ ನೋಡಿದ. ಬಿಸಿಲು ಕಣ್ಣಿಗೆ ಸೂಜಿ ಚುಚ್ಚಿತು, ನೀರು ಧಾರೆಯಾಗಿ ಇಳಿಯಿತು. ಅಪ್ಪನ ನೆನಪಾಯಿತು. ಕಾಣು, ಒಂದು ಸಲ ಕಾಣು ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಆ ಬಿಳುಪಿನ ನಡುವೆ ಎಡಗಡೆ, ಮರಳಿನ ಹತ್ತಿರ, ಕಪ್ಪಗೆ ಒಂದು ಮಚ್ಚೆ ಕಂಡಿತು. ದೊಡ್ಡ ಹಿಂಡು. ಪೆನಿಯಾಮಿನಾ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಎಡಕ್ಕೆ ಬೀಸಿದ. ಬೀಸಿದ, ಬೀಸಿದ, ಭುಜ ಕಳಚುವಷ್ಟು ಬೀಸಿದ.

ಸ್ವಲ್ಪ ಹೊತ್ತಿಗೆ ಆ ಕಪ್ಪು ಮರಳು ದಾಟಿತು. ದಡ ಹತ್ತಿತು. ಚರ್ಚಿನ ಬಿಳಿ ಗೋಡೆಯ ಮೇಲೆ ಹಾದು, ತೋಟಗಳ ಮೇಲಿನಿಂದ ಗುಡ್ಡಕ್ಕೆ ಏರಿ, ಪೆನಿಯಾಮಿನಾನ ಮೈಯನ್ನು ತಂಪು ಮಾಡಿ ಮುಂದೆ ಹೋಯಿತು. ಅದು ಮೋಡದ ನೆರಳು.

ಅವನು ಬಂಡೆಯ ಮೇಲೆ ಕುಸಿದು ಕೂತ. ಕೆಳಗೆ ಗದ್ದಲ ಕೇಳಿಸುತ್ತಿತ್ತು. ಬೈಗುಳವೇ ಇರಬೇಕು. ಆಗ ಅವನಿಗೆ ಅಳು ಬಂತು, ಹನಿಯ ನೀರಲ್ಲ, ನಿಜವಾದ ಅಳು. ಬಟ್ಟೆಯನ್ನು ತಾನೇ ತೋಮಾಸಿಯ ಕೈಗೆ ಕೊಟ್ಟುಬಿಡುವುದು, ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು ಎಂದು ತೀರ್ಮಾನಿಸಿ, ಆಡಬೇಕಾದ ಮಾತುಗಳನ್ನು ಹೊಂದಿಸಿಕೊಳ್ಳುತ್ತಾ ಇಳಿದ.

ಕೆಳಗೆ ಬಂದವನನ್ನು ಹತ್ತು ಕೈಗಳು ಎತ್ತಿಕೊಂಡವು. ದಡದ ತುಂಬ ಮೀನು. ಹತ್ತು ವರ್ಷದಲ್ಲಿ ಅಂಥ ಹಿಡಿತ ಇರಲಿಲ್ಲ. ಬುಟ್ಟಿ ಮುಗಿದು ಹೆಂಗಸರು ಚಾಪೆಗಳಲ್ಲಿ ಸುರಿದುಕೊಳ್ಳುತ್ತಿದ್ದರು.

"ಕಲ್ಲಿನ ಸಂದೀಲಿ ನುಗ್ಗಿ ಕೂತಿದ್ವಲ್ಲೋ, ಅದು ಹೇಗೆ ಕಂಡಿತೋ ನಿನಗೆ?" ಎಂದಳು ರೇಪೆಕಾ. "ತೌತಾಯಿ ಬಲಕ್ಕೆ ಕೈ ತೋರಿಸಿದ್ದೇ ತಡ, ಬಲೆ ಎಳೆಯೋಕೇ ಆಗ್ಲಿಲ್ಲ."

"ಬಲಕ್ಕಾ?" ಎಂದ ಪೆನಿಯಾಮಿನಾ.

ತೋಮಾಸಿ ಎದುರಿಗೆ ಬಂದು ನಿಂತ. "ನಾನು ಆಡಿದ್ದನ್ನ ಮನಸ್ಸಲ್ಲಿಟ್ಕೋಬೇಡ" ಎಂದು ಮೊದಲ ಬುಟ್ಟಿಯನ್ನು ತಾನೇ ಹೊತ್ತು ಅವನ ಮನೆಯ ಕಡೆ ನಡೆದ.

ಪೆನಿಯಾಮಿನಾಗೆ ಒಂದೂ ಹೊಳೆಯಲಿಲ್ಲ. ತೌತಾಯಿ ತನ್ನ ತಪ್ಪನ್ನು ಕಂಡು, ಮರ್ಯಾದೆ ಉಳಿಸಿದರು ಎಂದುಕೊಂಡ. ಕಾಲಿಗೆ ಬೀಳಬೇಕೆಂದು ಹುಡುಕಿಕೊಂಡು ಸಮಿತಿಯ ಮನೆಗೆ ಹೋದ. ಮೈ ಇನ್ನೂ ಒದ್ದೆಯಿದ್ದ ಇಸಾಯಾ ಒಬ್ಬರೇ ಕಂಬಕ್ಕೊರಗಿ ಕೂತಿದ್ದರು. ಮೂಗಿನ ಮೇಲೆ, ಡಾಕ್ಟರಮ್ಮ ಆಗಷ್ಟೇ ಕಣ್ಣು ನೋಡಿ ಪೆಟ್ಟಿಗೆಯಿಂದ ತೆಗೆದುಕೊಟ್ಟ ದಪ್ಪ ಕನ್ನಡಕ. ಮುಖವೆಲ್ಲ ಗುಡ್ಡದ ಕಡೆ.

"ಬಾ ಪೆನಿಯಾಮಿನಾ. ಆ ಬಂಡೆ ಪಕ್ಕ ತೆಂಗಿನ ಮರ ಯಾವಾಗ ಬಂತು?"

"ನಮ್ಮಪ್ಪ ನೆಟ್ಟಿದ್ದು ತೌತಾಯಿ. ನಾನು ಹುಟ್ಟಿದ ವರ್ಷ."

ಇಸಾಯಾ ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಇನ್ನೊಮ್ಮೆ ಗುಡ್ಡ ನೋಡಿದರು. "ನಿನ್ನ ಹತ್ರ ಮುಚ್ಚಿಡೋದು ಏನಿದೆ. ನನಗೆ ಹತ್ತಿರದ್ದು ಮಾತ್ರ ಕಾಣೋದಂತೆ. ನಿನ್ನದಕ್ಕೆ ಸರಿಯಾಗಿ ಉಲ್ಟಾ. ಆ ಗುಡ್ಡ ನೋಡಿ ನಲವತ್ತು ವರ್ಷದ ಮೇಲಾಯ್ತು."

"ಹಾಗಾದ್ರೆ ನಾನು ಬೀಸಿದ್ದು?"

"ಒಂದು ದಿನವೂ ಕಂಡಿಲ್ಲಪ್ಪ."

"ನಮ್ಮಪ್ಪ ಬೀಸಿದ್ದು?"

"ಅದೂ ಇಲ್ಲ. ಪುಣ್ಯಾತ್ಮ, ಕೈ ಸೋಲೋ ತನಕ ಬೀಸ್ತಿದ್ದ ಅಂತ ಕೇಳಿದ್ದೀನಿ."

ಪೆನಿಯಾಮಿನಾ ಅಲ್ಲೇ ಕೂತ. ಎಷ್ಟೋ ಸಲ ಅವನು ಒಂದು ಕಡೆ ಬೀಸಿದರೆ ಬಲೆ ಇನ್ನೊಂದು ಕಡೆ ಹೋಗಿದ್ದುಂಟು. ಮೀನು ಕೊನೆ ಗಳಿಗೆಯಲ್ಲಿ ತಿರುಗಿರಬೇಕು ಎಂದು ಅಂದುಕೊಂಡಿದ್ದ. "ಮತ್ತೆ ಪ್ರತಿ ಸಲ ಗುಡ್ಡದ ಕಡೆ ನೋಡ್ತಿದ್ರಲ್ಲ ನೀವು?"

"ನಲವತ್ತು ಜನ ನನ್ನನ್ನೇ ನೋಡ್ತಾ ನಿಂತಿರುವಾಗ ನೋಡದೆ ಏನು ಮಾಡ್ಲಿ? ಹಕ್ಕಿ ಸದ್ದು ಕೇಳ್ತಿದ್ದೆ, ಕಾಲಿಗೆ ನೀರು ನಡುಗಿದ್ದು ಗೊತ್ತಾಗ್ತಿತ್ತು. ಆ ಕಡೆಗೆ ಕೈ ತೋರಿಸ್ತಿದ್ದೆ. ತೌತಾಯಿಗೆ ಕಣ್ಣಿಲ್ಲ ಅಂತ ಊರಿಗೆ ಹೇಳೋಕಾಗುತ್ತಾ? ನಿನಗೆ ಅದು ಅರ್ಥ ಆಗಲ್ಲ ಬಿಡು, ನಿನ್ನ ಕಣ್ಣು ಚೆನ್ನಾಗಿದೆ." ಅವರು ಅವನ ತೊಡೆ ತಟ್ಟಿದರು. "ಇವತ್ತು ಯಾವ ಕಡೆ ಬೀಸಿದೆ?"

ಪೆನಿಯಾಮಿನಾ ಕೆಂಪು ಬಟ್ಟೆಯನ್ನು ಮಡಿಲಲ್ಲಿ ಮುದುರಿಕೊಂಡ. "ಬಲಕ್ಕೆ."

"ನೋಡು ಮತ್ತೆ. ಅದಕ್ಕೇ ಹೇಳೋದು. ಈಚೆಗೆ ನನಗೆ ಕಿವೀನೂ ಮಂದ, ಕಾಲೂ ಜೋಮು. ಇವತ್ತು ಹೇಗೋ ಆಯ್ತು. ಹಿಂಡಲ್ಲಿ ಅರ್ಧ ಹೊರಗೇ ಉಳಿದಿದೆ, ನಾಳೆ ಮಧ್ಯಾಹ್ನದ ಉಬ್ಬರಕ್ಕೆ ಬರುತ್ತೆ. ಇನ್ನು ಹಕ್ಕಿ ಗಿಕ್ಕಿ ಎಲ್ಲ ಬೇಡ. ಕನ್ನಡಕ ಹಾಕ್ಕೊಂಡು ನಿನ್ನ ಬಟ್ಟೆ ಒಂದನ್ನೇ ನೋಡ್ತೀನಿ. ನೀನು ಎಲ್ಲಿ ಬೀಸ್ತೀಯೋ ಅಲ್ಲಿಗೇ ಬಲೆ."

ಪೆನಿಯಾಮಿನಾ ಎದ್ದು, ಆಚೆ ತುದಿಯಲ್ಲಿ ಸಾಮಾನು ಕಟ್ಟುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋದ. ಪೆಟ್ಟಿಗೆಗಳಿಗೆ ಎರಡು ಸಲ ಎಡವಿದ.

"ಈ ಮಂಜು ಯಾವಾಗ ಹೋಗುತ್ತೆ ಡಾಕ್ಟರಮ್ಮ?"

"ನಾಳೆ ಸಂಜೆಗೆ. ಕನ್ನಡಕ ಮೂರು ವಾರಕ್ಕೆ ಬರುತ್ತೆ."

ದಡದಲ್ಲಿ ಯಾರೋ ಅವನ ಹೆಸರು ಹಿಡಿದು ಹಾಡಲು ಶುರು ಮಾಡಿದ್ದರು, ತೋಮಾಸಿಯ ದನಿಯೇ ಮೇಲಾಗಿ ಕೇಳುತ್ತಿತ್ತು. ಪೆನಿಯಾಮಿನಾ ಗುಡ್ಡ ಇರಬೇಕಾದ ಕಡೆಗೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತ.